ಲಿಫ್ಟಿನೊಳಗಿನ ಕಾರ್ಡು

ಮಧ್ಯಾಹ್ನ ಮೂರೂಕಾಲಿಗೆ ಫೋನ್ ಬಂದಾಗ ಪ್ರೆಸ್ಸಕ್ಕ ಕತ್ತರಿಸುವ ಮೆಷಿನ್ನಿನ ಮುಂದೆ ನಿಂತು ಯಾರೋ ಹಲ್ಲಿನ ಡಾಕ್ಟರ ಇನ್ನೂರು ಕಾರ್ಡುಗಳ ಅಂಚು ಸರಿಮಾಡುತ್ತಿದ್ದಳು. ಬೀದಿಯವರೆಲ್ಲ ಅವಳನ್ನು ಕರೆಯುವುದು ಪ್ರೆಸ್ಸಕ್ಕ ಎಂದೇ. ಎಡಕ್ಕೆ ಟೈಲರ್, ಬಲಕ್ಕೆ ಕನ್ನಡಕದ ಅಂಗಡಿ, ನಡುವೆ ಹತ್ತಡಿ ಅಗಲದ ಅವಳ ಪ್ರೆಸ್ಸು. ಹದಿನೆಂಟು ವರ್ಷದಿಂದ ಅಲ್ಲಿ ಅಚ್ಚಾಗುವುದು ಹೆಚ್ಚಾಗಿ ವಿಸಿಟಿಂಗ್ ಕಾರ್ಡೇ. ಈಗೀಗ ಅದನ್ನು ಕೇಳಿಕೊಂಡು ಬರುವವರು ಕಡಿಮೆ. "ಎಲ್ಲ ಫೋನಲ್ಲೇ ಸಿಗುತ್ತೆ. ನಿನ್ನ ಕಾರ್ಡನ್ನ ಜನ ಹಲ್ಲು ಕೆದಕೋಕೆ ಇಟ್ಕೋತಾರೆ, ಅಷ್ಟೇ," ಎಂದು ಗಂಡ ಊಟಕ್ಕೆ ಕೂತಾಗಲೆಲ್ಲ ರೇಗಿಸುತ್ತಿದ್ದ. ಮೊದಮೊದಲು ಅವಳಿಗೆ ಮೈಯೆಲ್ಲ ಉರಿಯುತ್ತಿತ್ತು. ಆಮೇಲಾಮೇಲೆ, ಹೇಳಿಕೊಳ್ಳಲು ನಾಚಿಕೆಯಾದರೂ, ಅವಳೂ ಹಾಗೇ ನಂಬತೊಡಗಿದ್ದಳು.

"ಹಲೋ, ಲಿಫ್ಟ್ ರಿಪೇರಿಯವರಾ?" ವಯಸ್ಸಾದ ಹೆಂಗಸಿನ ದನಿ.

"ರಾಂಗ್ ನಂಬರ್," ಎಂದು ಇಟ್ಟಳು. ಎರಡು ತಿಂಗಳಿಂದ ಇದೊಂದು ಕಾಟ ಶುರುವಾಗಿತ್ತು. ಹೋದ ತಿಂಗಳಂತೂ ಯಾವುದೋ ಮಗು, ರಾಂಗ್ ನಂಬರ್ ಎಂದರೂ ಬಿಡದೆ, ಮೂರು ಸಲ ಫೋನ್ ಮಾಡಿ ಊಂ ಊಂ ಎಂದು ರಾಗ ಎಳೆದಿತ್ತು. ಮಕ್ಕಳ ಕೈಗೆ ಫೋನ್ ಕೊಟ್ಟು ಕೂರಿಸಿದರೆ ಇನ್ನೇನಾಗುತ್ತೆ ಎಂದು ಅದರ ಅಪ್ಪ ಅಮ್ಮನನ್ನು ಬೈದುಕೊಂಡು ಆ ನಂಬರನ್ನೇ ಬ್ಲಾಕ್ ಮಾಡಿದ್ದಳು.

ಮತ್ತೆ ಫೋನ್. "ಇಡಬೇಡಮ್ಮ. ಲಿಫ್ಟೊಳಗೆ ಸಿಕ್ಕಿಹಾಕ್ಕೊಂಡಿದೀನಿ. ಕರೆಂಟಿಲ್ಲ, ಬೆಲ್ಲೂ ಹೊಡೀತಿಲ್ಲ. ಇಲ್ಲಿ ಗೋಡೆ ಮೇಲೆ ಕಾರ್ಡ್ ಅಂಟಿಸಿದಾರೆ. ಅದರಲ್ಲಿರೋ ನಂಬರನ್ನೇ ಎರಡೆರಡು ಸಲ ನೋಡಿ ಒತ್ತಿದೀನಿ." ಮಕ್ಕಳಿಗೆ ಮಗ್ಗಿ ಹೇಳಿಕೊಡುವ ಹಾಗೆ ಅಜ್ಜಿ ಒಂದೊಂದೇ ಅಂಕಿ ಬಿಡಿಸಿ ಓದಿದರು. ಹತ್ತಕ್ಕೆ ಹತ್ತೂ ಪ್ರೆಸ್ಸಕ್ಕನ ನಂಬರೇ.

ಪ್ರೆಸ್ಸಕ್ಕ ಕತ್ತರಿಸುವ ಮೆಷಿನ್ನನ್ನು ನಿಲ್ಲಿಸಿದಳು.

ಸ್ಯಾಂಪಲ್ ಕಾರ್ಡು ಮಾಡುವಾಗ ಗಿರಾಕಿಯ ನಂಬರಿನ ಜಾಗದಲ್ಲಿ ತನ್ನ ನಂಬರನ್ನೇ ಕೂರಿಸುವುದು ಅವಳ ರೂಢಿ. ಎಷ್ಟು ಜಾಗ ಹಿಡಿಯುತ್ತದೆ ಎಂದು ಗೊತ್ತಾಗಲಿ ಅಂತ. ಅಚ್ಚಿಗೆ ಹಾಕುವ ಮುಂಚೆ ನೆನಪಿಟ್ಟು ಬದಲಾಯಿಸಬೇಕು. ಹದಿನೆಂಟು ವರ್ಷ ಬದಲಾಯಿಸಿದ್ದಳು. ಎರಡು ತಿಂಗಳ ಹಿಂದೆ ಬಂದ ದಪ್ಪ ಮೀಸೆಯ ಲಿಫ್ಟ್ ಮೆಕ್ಯಾನಿಕ್ ಸ್ಯಾಂಪಲ್ ನೋಡಿ, "ಲಿಫ್ಟಿನ ಚಿತ್ರ ಭಾರಿ ಚೆನ್ನಾಗಿ ಬಂದಿದೆ ಅಕ್ಕಾ," ಎಂದು ಹೋಗಿದ್ದ. ನಂಬರನ್ನು ಅವನೂ ಓದಲಿಲ್ಲ, ಅವಳೂ ಓದಲಿಲ್ಲ. ಯಾರೂ ಓದದ ಕಾರ್ಡಿಗೆ ಅಷ್ಟೊಂದು ಯಾಕೆ ತಲೆ ಕೆಡಿಸಿಕೊಳ್ಳಬೇಕು ಎಂಬ ಉದಾಸೀನ.

"ಅಮ್ಮಾ, ಯಾವ ಕಟ್ಟಡ?"

"ನೀರಿನ ಟ್ಯಾಂಕಿನ ಎದುರಿಗಿರೋ ಹಳದಿ ಕಟ್ಟಡ. ಎರಡನೇ ಮಹಡಿ ದಾಟ್ತಿದ್ದ ಹಾಗೇ ನಿಂತುಬಿಡ್ತು. ಎಲ್ಲ ಕೆಲಸಕ್ಕೆ ಹೋಗಿದಾರೆ, ಎಷ್ಟು ಕೂಗಿದ್ರೂ..." ಮಾತು ನಿಂತು, ಉಸಿರೆಳೆಯುವ ಸುಯ್ ಸುಯ್ ಸದ್ದು ಕೇಳಿಸಿತು. "ನನಗೆ ಉಬ್ಬಸ. ಸೇದೋ ಪಂಪು ಮನೇಲೇ ಬಿಟ್ಟು ಬಂದೆ. ಫೋನಲ್ಲಿ ಚಾರ್ಜು ನಾಲ್ಕೇ ನಾಲ್ಕು ತೋರಿಸ್ತಿದೆ."

"ಫೋನ್ ಇಟ್ಟುಬಿಡಿ, ಚಾರ್ಜ್ ಉಳೀಲಿ. ಕೆಳಗೆ ಕೂತ್ಕೊಳ್ಳಿ. ಬಂದೆ ಅಮ್ಮಾ, ಈಗ ಬಂದೆ."

ಬಂದೆ ಎಂದಳೇ ಹೊರತು ಹೋಗಿ ಮಾಡುವುದೇನು? ಅಗ್ನಿಶಾಮಕದವರಿಗೆ ಫೋನ್ ಮಾಡಿದಳು. ಗಾಡಿ ಊರಾಚೆ ಗೋಡೌನಿನ ಬೆಂಕಿಗೆ ಹೋಗಿದೆ, ಬರುತ್ತೇವೆ, ಎಷ್ಟು ಹೊತ್ತಾಗುತ್ತದೋ ಹೇಳಲಾರೆವು ಎಂದರು. ಲಿಫ್ಟಿನ ಕೀಲಿ ಇರುವುದು ಮೆಕ್ಯಾನಿಕ್ ಹತ್ತಿರ. ಅವನನ್ನು ಹಿಡಿಯುವುದು ಹೇಗೆ? ಕಂಪ್ಯೂಟರಿನಲ್ಲಿ ಅವನ ಕಾರ್ಡು ತೆರೆದರೆ ಅಲ್ಲೂ ತನ್ನದೇ ನಂಬರು ಕೂತು ಅಣಕಿಸುತ್ತಿತ್ತು. ಇಂಟರ್ನೆಟ್ಟಿನಲ್ಲಿ ಅವನ ಸುಳಿವೇ ಇಲ್ಲ. ಇದ್ದಿದ್ದರೆ ಅವನೇಕೆ ಕಾರ್ಡು ಮಾಡಿಸಲು ಬರುತ್ತಿದ್ದ?

ಅವನು ಚೀಟಿಯಲ್ಲಿ ಬರೆದುಕೊಟ್ಟಿದ್ದ. ಗಿರಾಕಿಗಳ ಚೀಟಿಗಳನ್ನೆಲ್ಲ ಗೋಡೆಯ ಮೊಳೆಗೆ ಚುಚ್ಚಿಡುತ್ತಿದ್ದಳು. ಮೊಳೆ ಈಗ ಬೋಳು. ಹೋದ ಶನಿವಾರ ಯಾಕೋ ಶುಚಿ ಮಾಡುವ ಹುಕಿ ಬಂದು ಎಲ್ಲವನ್ನೂ ರದ್ದಿ ಚೀಲಕ್ಕೆ ಸುರಿದಿದ್ದಳು.

ಚೀಲವನ್ನು ನೆಲದ ಮೇಲೆ ಬೋರಲು ಹಾಕಿದಳು. ಕತ್ತರಿಸಿದ ಅಂಚುಗಳು, ಕೆಟ್ಟ ಹಾಳೆಗಳು, ಯಾರ್‍ಯಾರದೋ ಹೆಸರುಗಳು ಮೊಣಕಾಲೆತ್ತರ ರಾಶಿಬಿದ್ದವು. ಮಂಡಿಯೂರಿ ಕೂತು ಎರಡೂ ಕೈಯಲ್ಲಿ ಕೆದಕಿದಳು. ಅವಸರದಲ್ಲಿ ಹಿಡಿದ ಚೀಟಿ ಮತ್ತೆ ರಾಶಿಗೇ ಬೀಳುತ್ತಿತ್ತು. "ಏನಕ್ಕಾ, ಏನು ಕಳೀತು?" ಎಂದು ಟೈಲರ್ ಇಣುಕಿದ. ಅವಳು ತಲೆಯೆತ್ತದೆ ಕೆದಕುತ್ತಲೇ ಇದ್ದಳು. ಒಂದು ಜೀವ ಕತ್ತಲಲ್ಲಿ ಉಸಿರಿಗೆ ಒದ್ದಾಡುತ್ತಿದೆ, ಅದೂ ತನ್ನ ದೆಸೆಯಿಂದ. ಕಡೆಗೆ ಗುಲಾಬಿ ಬಣ್ಣದ ಚೀಟಿಯೊಂದು ಸಿಕ್ಕಿತು. ನಡುವೆ ಮೊಳೆಯ ತೂತು, ಅದರ ಕೆಳಗೆ ಅವನ ಓರೆ ಅಕ್ಷರದಲ್ಲಿ ನಂಬರು.

"ಹಳದಿ ಕಟ್ಟಡಾನಾ? ಹತ್ತು ನಿಮಿಷ ಅಕ್ಕಾ," ಎಂದ ಅವನು. ಇನ್ನೇನೂ ಕೇಳಲಿಲ್ಲ.

ಮೂರು ಬೀದಿ ಓಡಿದಳು. ಕಟ್ಟಡದ ಮೆಟ್ಟಿಲ ಮೇಲೆ ನರಪಿಳ್ಳೆಯಿಲ್ಲ. ಎರಡನೇ ಮಹಡಿಯ ಲಿಫ್ಟ್ ಬಾಗಿಲಿಗೆ ಬಾಯಿಟ್ಟು, "ಅಮ್ಮಾ!" ಎಂದು ಕೂಗಿದಳು. ಸದ್ದಿಲ್ಲ. ಫೋನ್ ಮಾಡಿದರೆ ಸ್ವಿಚ್ ಆಫ್. ಚಪ್ಪಲಿ ತೆಗೆದು ಬಾಗಿಲಿಗೆ ಬಡಿದಳು. ಆಗಲೂ ಇಲ್ಲ. ಮನಸ್ಸಿಗೆ ಬರಬಾರದ್ದೆಲ್ಲ ಬಂತು. ಬಾಗಿಲಿಗೆ ಕಿವಿಯೊತ್ತಿದಳು.

ಆಗ ಮೇಲಿನಿಂದ ಟಕ್ ಟಕ್ ಎಂದು ಎರಡು ಸಲ ಕೇಳಿಸಿತು, ಬೆರಳಲ್ಲಿ ತಟ್ಟಿದಷ್ಟು ಸಣ್ಣಗೆ.

"ಇಲ್ಲೇ ಇದೀನಿ ಅಮ್ಮಾ, ಎಲ್ಲೂ ಹೋಗಲ್ಲ," ಎಂದವಳೇ ಬಾಗಿಲ ಸಂದಿಗೆ ಮುಖವಿಟ್ಟು ಬಾಯಿಗೆ ಬಂದದ್ದನ್ನೆಲ್ಲ ಮಾತಾಡತೊಡಗಿದಳು. ಹಲ್ಲಿನ ಡಾಕ್ಟರ ಕಾರ್ಡಿನ ಬಗ್ಗೆ, ಗಂಡನ ಗೊರಕೆಯ ಬಗ್ಗೆ, ಟೈಲರ್ ಹಾಳುಮಾಡಿದ ಕುಪ್ಪಸದ ಬಗ್ಗೆ. ನಡುನಡುವೆ ಮೇಲಿನಿಂದ ಒಂದು ಟಕ್ ಬರುತ್ತಿತ್ತು. ಅದು ಬರುವುದು ತಡವಾದರೆ ಅವಳ ಉಸಿರೂ ನಿಲ್ಲುತ್ತಿತ್ತು.

ಮೆಕ್ಯಾನಿಕ್ ಬಂದು ಮೂರನೇ ಮಹಡಿಯಿಂದ ಬಾಗಿಲು ತೆರೆದಾಗ ಅಜ್ಜಿ ಮೂಲೆಗೊರಗಿ ಕೂತಿದ್ದರು. ತುಟಿ ನೀಲಿಯಾಗಿತ್ತು. ಅವರನ್ನು ಮೇಲೆತ್ತಿ ಕೂರಿಸಿ, ಅವರ ಕೈಚೀಲದಿಂದ ಮನೆಯ ಕೀಲಿ ತೆಗೆದುಕೊಂಡು ಓಡಿಹೋಗಿ ಪಂಪು ತಂದ. ನಾಲ್ಕು ಸಲ ಸೇದಿದ ಮೇಲೆ ಮುಖಕ್ಕೆ ಬಣ್ಣ ಬಂತು. ಅಜ್ಜಿ ಮುಷ್ಟಿ ಬಿಚ್ಚಿ, ಗೋಡೆಯಿಂದ ಕಿತ್ತುಕೊಂಡಿದ್ದ ಕಾರ್ಡನ್ನು ಅವನ ಕೈಗಿಟ್ಟರು.

"ಅಕ್ಷರ ಅಚ್ಚುಕಟ್ಟಾಗಿ ಬಿದ್ದಿದೆಯಪ್ಪ. ಮೊಬೈಲ್ ಬೆಳಕಲ್ಲೇ ಓದಕ್ಕಾಯ್ತು."

ಅವನೂ ಓದಿದ. ಪ್ರಾಯಶಃ ಮೊದಲ ಸಲ. "ಅಕ್ಕಾ, ಇದು ನನ್ನ ನಂಬರಲ್ಲ."

"ನಂದು," ಎಂದಳು ಪ್ರೆಸ್ಸಕ್ಕ. "ಬದಲಾಯಿಸೋದು ಮರೆತೆ. ತಪ್ಪೆಲ್ಲ ನಂದೇ."

ಬೈಯುತ್ತಾನೆಂದು ಕಾದಳು. ಅವನು ಮೀಸೆ ಉಜ್ಜಿಕೊಂಡ. "ನಲವತ್ತೊಂದು ಲಿಫ್ಟಿಗೆ ಅಂಟಿಸಿದೀನಲ್ಲಕ್ಕಾ. ಎರಡು ತಿಂಗಳಾಯ್ತು, ಒಂದು ಫೋನೂ ಬರಲಿಲ್ಲ. ಈ ಕಾಲದಲ್ಲಿ ಕಾರ್ಡನ್ನ ಯಾರು ಓದ್ತಾರೆ ಬಿಡು ಅಂದ್ಕೊಂಡೆ."

ಜನ ಓದುತ್ತಲೇ ಇದ್ದರು. ಓದಿ ಕರೆಯುತ್ತಲೂ ಇದ್ದರು. ರಾಂಗ್ ನಂಬರ್ ಎಂದು ಇಟ್ಟವಳು ತಾನು.

ಆಗ ನೆನಪಾಯಿತು, ಹೋದ ತಿಂಗಳ ಮಗು. ಊಂ ಊಂ ಎಂದದ್ದು ರಾಗವಲ್ಲ, ಅಳು.

ಪ್ರೆಸ್ಸಕ್ಕ ಗೋಡೆ ಹಿಡಿದುಕೊಂಡು ನಾಲ್ಕು ಮೆಟ್ಟಿಲು ಇಳಿದು ಫೋನ್ ತೆಗೆದಳು. ಬ್ಲಾಕ್ ಮಾಡಿದ್ದು ಅದೊಂದೇ ನಂಬರು. ಬಿಡಿಸಿ, ಒತ್ತಿದಳು. ರಿಂಗ್ ಆಗುತ್ತಲೇ ಇತ್ತು. ಎತ್ತಲಿ, ಯಾರಾದರೂ ಎತ್ತಲಿ ಎಂದು ಒಳಗೊಳಗೇ ಬೇಡಿಕೊಂಡಳು.

"ಯಾರು?" ಹೆಂಗಸಿನ ದನಿ.

"ನಾನು... ಲಿಫ್ಟಲ್ಲಿ ಅಂಟಿಸಿರೋ ಕಾರ್ಡಿನ ನಂಬರಿನವಳು. ಹೋದ ತಿಂಗಳು ಒಂದು ಮಗು..."

"ನನ್ನ ಫೋನ್ ಹಿಡ್ಕೊಂಡು ಎರಡು ಗಂಟೆ ಲಿಫ್ಟೊಳಗಿದ್ಳು ನನ್ನ ಮಗಳು. ಈಗಲೂ ಆರನೇ ಮಹಡಿಗೆ ಮೆಟ್ಟಿಲು ಹತ್ತಿಕೊಂಡೇ ಬರ್ತಾಳೆ. ನೀವು ಹೇಳೋದೇನಿದೆಯೋ ಅವಳಿಗೇ ಹೇಳಿ. ಇರಿ, ಕೊಡ್ತೀನಿ."

ಪ್ರೆಸ್ಸಕ್ಕನಿಗೆ ಆ ಮಧ್ಯಾಹ್ನವೆಲ್ಲ ಆಗದಷ್ಟು ಹೆದರಿಕೆ ಈಗ ಆಯಿತು. ಹೆಬ್ಬೆರಳು ತಾನಾಗಿ ಕೆಂಪು ಗುಂಡಿಯ ಹತ್ತಿರ ಹೋಯಿತು. ಅದನ್ನು ಹಿಂದಕ್ಕೆ ಎಳೆದುಕೊಂಡಳು.

"ಹಲೋ," ಎಂದಿತು ಪುಟ್ಟ ದನಿ. "ರಾಂಗ್ ನಂಬರ್ ಆಂಟೀನಾ?"

"ಹೂಂ ಪುಟ್ಟಾ," ಎಂದಳು. "ನಾನೇ."