ಮೆಟ್ಟಿಲ ಮೇಲೆ ಅಮ್ಮ, ಕೆಳಗೆ ಟೀಚರ್

ನಮ್ಮ ಸ್ಕೂಲು ಮೊದಲು ಟೈರ್ ಗೋಡೌನ್ ಆಗಿತ್ತು. ನಗ್ಬೇಡಿ, ನಾವೇ ಸಾಕಷ್ಟು ನಕ್ಕಾಗಿದೆ. ಎರಡು ಕೋಟ್ ಬಣ್ಣ ಹೊಡೆಸಿದ್ರೂ ಬಿಸಿಲು ಏರಿದಾಗ ಗೋಡೆಯಿಂದ ರಬ್ಬರ್ ವಾಸನೆ ಬರ್ತಿತ್ತು. ಟೈರ್ ಪೇರಿಸಿಟ್ಟಿದ್ದ ಕಡೆಯೆಲ್ಲ ನೆಲದ ಮೇಲೆ ಕಪ್ಪು ಉಂಗುರ. ನಾನು ಮಂಡಿಯೂರಿ ಉಜ್ಜಿ ಉಜ್ಜಿ ಕೈ ಚರ್ಮ ಕಿತ್ತುಹೋದ್ರೂ ಅದು ಹೋಗ್ಲಿಲ್ಲ. ಕೊನೆಗೆ ಅಕ್ಕ ಬಂದು ನೋಡಿದ್ಲು, ಬಕೆಟ್ ಎತ್ತಿಟ್ಲು, ಮಾರನೇ ದಿನ ಒಂದೊಂದು ಉಂಗುರದೊಳಗೆ ಒಂದೊಂದು ಮಗೂನ ಕೂರಿಸಿಬಿಟ್ಲು. ಸಣ್ಣ ಕ್ಲಾಸುಗಳಿಗೆ ಬೆಂಚಿಲ್ಲ ಅನ್ನೋ ತಲೆನೋವು ಅಲ್ಲಿಗೆ ಮುಗೀತು. ಅವಳು ಹಂಗೇ, ಹೋಗದೇ ಇರೋದನ್ನ ಕೆಲಸಕ್ಕೆ ಹಚ್ಚಿಬಿಡ್ತಾಳೆ.

ಅಕ್ಕನೇ ಹೆಡ್ ಟೀಚರ್. ನಾನು ಅವಳ ತಂಗಿ, ಟ್ರೈನಿಂಗ್ ಮುಗಿಸಿದ್ದೇ ತಡ ಅವಳ ಹಿಂದೆ ಗಂಟುಮೂಟೆ ಕಟ್ಟಿಕೊಂಡು ಬಂದೋಳು. ಹಾಡು, ಚಿತ್ರ, ಎರಡನೇ ಕ್ಲಾಸು ನಂದು.

ನಿಜ ಹೇಳ್ಬೇಕಂದ್ರೆ ನನ್ನ ಜಾಗದಲ್ಲಿ ಭಾವ ಬರ್ಬೇಕಿತ್ತು. ಈ ದೇಶಕ್ಕೆ ಬಂದು ಸ್ಕೂಲ್ ಕಟ್ಬೇಕು ಅನ್ನೋದು ಅವರಿಬ್ಬರ ಮದುವೆಗಿಂತ ಹಳೇ ಕನಸು. ನಮ್ಮ ಚರ್ಚಿನ ಸಭೆಯವರು ಒಪ್ಪಿ, ಪಾದ್ರಿ ಅಯ್ಯನವರು ತಲೆ ಮೇಲೆ ಕೈಯಿಟ್ಟು ಪ್ರಾರ್ಥನೆ ಮಾಡಿ ಕಳ್ಸೋದು ಅಂತ ದಿನ ಗೊತ್ತುಮಾಡಿದ ಮೇಲೆ, ಒಂದಿನ ಬೆಳಗ್ಗೆ ಹಲ್ಲುಜ್ಜುತ್ತಾ ನಿಂತಿದ್ದ ಭಾವ ಹಂಗೇ ಕುಸಿದು ಪ್ರಾಣ ಬಿಟ್ರು. ಅಷ್ಟೇ. ಎಲ್ಲರೂ ಇನ್ನು ಮುಗೀತು ಅಂದ್ಕೊಂಡ್ರು. ಅಕ್ಕ ಮಾತ್ರ ಪೆಟ್ಟಿಗೆ ಬಿಚ್ಚಲಿಲ್ಲ. ಭಾವನ ಅಕ್ಕ ಒಬ್ರಿದ್ದಾರೆ, ನರ್ಸ್ ಆಗಿದ್ದು ರಿಟೈರ್ ಆದೋರು, ಮದುವೆ ಆಗಿಲ್ಲ, ಬಾಯಿ ಅಂದ್ರೆ ಬಾಯಿ. ಅವರು ಹೇಳಿದ್ರು, ನೀನು ಹೋಗು, ಯಾರು ಬೇಡ ಅಂತಾರೆ, ಮಗೂನ ನನ್ನ ಹತ್ರ ಬಿಟ್ಟು ಹೋಗು ಅಂತ. ಅಕ್ಕ ಹೇಳಿದ ಮಾತು ನಂಗೆ ಅಕ್ಷರ ಅಕ್ಷರವೂ ನೆನಪಿದೆ.

"ಅತ್ತಿಗೆ, ಮಗೂನ ಬಿಟ್ಟು ನನ್ನ ಸೇವೆ ಮಾಡು ಅಂತ ದೇವರು ನಂಗೆ ಹೇಳಿಲ್ಲ. ಎರಡೂ ಮಾಡ್ತೀನಿ, ನೋಡ್ತಿರಿ."

ಆ ಮಗು ಜೀರಿಗೆ. ಹುಟ್ಟಿದಾಗ ಅಂಗೈ ಉದ್ದ ಇದ್ಲು ಅಂತ ಭಾವ ಇಟ್ಟ ಅಡ್ಡಹೆಸರು, ಅಂಟಿಕೊಂಡುಬಿಡ್ತು. ಇಲ್ಲಿಗೆ ಬಂದಾಗ ಆರು ತುಂಬಿತ್ತು. ಕೆಳಗೆ ಸ್ಕೂಲು, ಮೇಲೆ ಟೈರ್ ಸಾಹುಕಾರನ ಆಫೀಸಾಗಿದ್ದ ಎರಡು ರೂಮು, ಅಲ್ಲೇ ನಮ್ಮ ವಾಸ. ಮಧ್ಯೆ ಒಂದು ಕಬ್ಬಿಣದ ಮೆಟ್ಟಿಲು, ಹತ್ತಿದ್ರೆ ಇಡೀ ಬೀದಿಗೆ ಕೇಳ್ಸೋ ಹಂಗೆ ಢಣಢಣ ಅಂತಿತ್ತು.

ಮೊದಲ ವಾರವೇ ಗಲಾಟೆ. ಜೀರಿಗೆ ಪಾಠದ ಮಧ್ಯೆ ಎದ್ದು ಓಡಿಬಂದು ಅಕ್ಕನ ಸೊಂಟ ತಬ್ಕೊಳ್ಳೋಳು. ಅಮ್ಮ ಬಾಯಾರಿಕೆ, ಅಮ್ಮ ಇವನು ದೂಡ್ದ, ಅಮ್ಮ ಅಮ್ಮ ಅಮ್ಮ. ಹೊಸ ಸ್ಕೂಲು, ಹೊರಗಿಂದ ಬಂದ ಹೆಂಗಸು, ಬೀದಿಯವರೆಲ್ಲ ನಮ್ಮನ್ನ ತೂಕ ಹಾಕ್ತಾ ಇರೋ ಹೊತ್ತು. ಪಕ್ಕದ ವೆಲ್ಡಿಂಗ್ ಅಂಗಡಿಯವನು ತನ್ನ ಮಗನ್ನ ನಮ್ಮಲ್ಲಿ ಸೇರಿಸಿದ್ದ. ಅವನು ಬಂದು, ನಿಮ್ಮ ದೇವರ ಮುಂದೆ ಎಲ್ಲ ಮಕ್ಕಳೂ ಒಂದೇ ಅಂದ್ರಿ, ಸ್ಕೂಲಲ್ಲಿ ಹಂಗೆ ಕಾಣ್ತಿಲ್ವಲ್ಲ ಮೇಡಂ, ಅಂದುಬಿಟ್ಟ. ಜಗಳ ಆಡ್ಲಿಲ್ಲ, ನಗ್ತಾನೇ ಅಂದ. ಅಕ್ಕನಿಗೆ ಅದು ನಾಟಿಬಿಡ್ತು.

ಅವತ್ತು ಸಂಜೆ ಜೀರಿಗೇನ ಕೆಳಗಿನ ಮೆಟ್ಟಿಲ ಮೇಲೆ ಕೂರಿಸ್ಕೊಂಡು ಹೇಳಿದ್ಲು. ಇಲ್ಲಿಂದ ಮೇಲೆ ನಾನು ಅಮ್ಮ. ಇಲ್ಲಿಂದ ಕೆಳಗೆ ಟೀಚರ್, ಎಲ್ಲರಿಗೂ ಹೆಂಗೋ ನಿಂಗೂ ಹಂಗೇ. ಜೀರಿಗೆ ಅಳ್ತಾಳೆ ಅಂತ ನಾನು ಕಾಯ್ತಿದ್ದೆ. ಅವಳಿಗೆ ಅದೊಂದು ಆಟ ಆಗೋಯ್ತು. ಮೆಟ್ಟಿಲ ಮೇಲೊಂದು ಕಾಲು ಕೆಳಗೊಂದು ಕಾಲು, ಅಮ್ಮ, ಟೀಚರ್, ಅಮ್ಮ, ಟೀಚರ್, ಇಡೀ ಕಬ್ಬಿಣ ಢಣಗುಟ್ಟೋ ಹಂಗೆ ಕುಣಿದ್ಲು. ನಾವು ಹೊಟ್ಟೆ ಹಿಡ್ಕೊಂಡು ನಕ್ವಿ. ಅಕ್ಕ ಒಂದು ಸಲ ಕಾನೂನು ಮಾಡಿದ್ಮೇಲೆ ಮುಗೀತು, ಊಟದ ಸಾಲಲ್ಲಿ ಜೀರಿಗೆ ಯಾವಾಗ್ಲೂ ಕೊನೆ, ಮಂಡಿ ತರಚಿದ್ರೆ ಔಷಧಿ ನಾನು ಹಚ್ಬೇಕು, ಅಕ್ಕ ದೂರದಿಂದ ನೋಡಿ ಸುಮ್ನೆ ಹೋಗೋಳು. ಆದ್ರೆ ಸಂಜೆ ಬೆಲ್ ಹೊಡೆದಿದ್ದೇ ಢಣಢಣ ಅಂತ ಇಬ್ರೂ ಮೇಲೆ ಓಡೋರು. ಮೇಲೆ ಹೋಗಿ ಜೀರಿಗೆ ಇಡೀ ದಿನ ಬಾಕಿ ಉಳಿದ ‘ಅಮ್ಮ’ಗಳನ್ನೆಲ್ಲ ಒಂದೇ ಉಸಿರಲ್ಲಿ ಕರೆದು ಮುಗಿಸೋಳು.

ಎರಡನೇ ವರ್ಷ ಮಕ್ಕಳು ಜಾಸ್ತಿ ಆದ್ರು. ಕೆಲವರ ಅಪ್ಪ ಅಮ್ಮ ಇಬ್ರೂ ದೂರದ ಫ್ಯಾಕ್ಟರಿಗಳಿಗೆ ಕೆಲಸಕ್ಕೆ ಹೋಗೋರು, ಆರಾರು ತಿಂಗಳು ಬರೋರಲ್ಲ. ಅಂಥ ಮಕ್ಕಳನ್ನ ಎಲ್ಲಿಡೋದು? ಅಕ್ಕ ಒಂದು ನಿಮಿಷಾನೂ ಯೋಚನೆ ಮಾಡ್ಲಿಲ್ಲ, ಮೇಲಿನ ದೊಡ್ಡ ರೂಮಲ್ಲಿ ಸಾಲಾಗಿ ಹಾಸಿಗೆ ಹಾಕಿಸಿದ್ಲು. ಹನ್ನೊಂದು ಹುಡುಗಿಯರು. ನಾವು ಮೂರೂ ಜನ ಚಿಕ್ಕ ರೂಮಿಗೆ, ಅದಕ್ಕೂ ಬಾಗಿಲ ಬದಲು ಪರದೆ. ನಂಗಂತೂ ಖುಷಿಯೋ ಖುಷಿ, ರಜೆಗೆ ನೆಂಟರು ತುಂಬಿದ ಮನೆ ಥರ.

ಮಕ್ಕಳು ಮೇಲೆ ಬಂದ್ಮೇಲೆ ಜೀರಿಗೆ ಅಮ್ಮ ಅನ್ನೋದನ್ನ ಕೇಳಿಸ್ಕೊಂಡ್ರು. ಅವರ ಭಾಷೇಲಿ ತಾಯಿಗೆ ಬೇರೇನೇ ಪದ. ಹಂಗಾಗಿ ಅವರು ಏನಂದ್ಕೊಂಡ್ರು ಗೊತ್ತಾ? ಇದು ಹೆಡ್ ಟೀಚರ್ ಹೆಸರು ಅಂದ್ಕೊಂಡ್ರು. ಅಷ್ಟೇ ಅಲ್ಲ, ಅವರ ಭಾಷೇಲಿ ಒತ್ತಕ್ಷರ ಅನ್ನೋದೇ ಇಲ್ಲ. ಅಮ್ಮ ಅನ್ನುವಾಗ ತುಟಿ ಕೂಡಿಸಿ ಒಂದು ಕ್ಷಣ ಅಲ್ಲೇ ನಿಲ್ತೀವಲ್ಲ, ಅದು ಅವರಿಗೆ ಬರೋದೇ ಇಲ್ಲ. ಆಮಾ ಅಂತಿದ್ರು. ಶುರುವಲ್ಲಿ ಅಕ್ಕ ತಿದ್ದಿದ್ಲು, ಟೀಚರ್ ಅನ್ರಮ್ಮಾ ಅಂತ. ಆಮೇಲೆ ಎಲ್ಲರಿಗಿಂತ ಸಣ್ಣೋಳು ಒಬ್ಬಳಿದ್ಲು, ದುಂಡಗೆ ಇದ್ಲು ಅಂತ ನಾನು ಉಂಡೆ ಅಂತಿದ್ದೆ, ಅವಳಿಗೆ ಜ್ವರ ಬಂತು. ಮಗು ಅಕ್ಕನ ಕುತ್ತಿಗೆ ತಬ್ಕೊಂಡು ಆಮಾ, ಆಮಾ ಅಂತ ನರಳ್ತಾ ಇತ್ತು. ಆ ಹೊತ್ತಲ್ಲಿ ಟೀಚರ್ ಅನ್ನು ಅಂತ ಯಾರಿಗೆ ತಾನೇ ಬಾಯಿ ಬರುತ್ತೆ ಹೇಳಿ. ಅವತ್ತಿಂದ ಅಕ್ಕ ತಿದ್ದೋದು ಬಿಟ್ಲು.

ಆಮಾ ಮೆಟ್ಟಿಲಿಳಿದು ಕೆಳಗೆ ಬಂತು. ಒಂದು ತಿಂಗಳಲ್ಲಿ ಇಡೀ ಸ್ಕೂಲು ಆಮಾ. ಲೆಕ್ಕದ ಮೇಷ್ಟ್ರು ಆ ಊರಿನೋರೇ, ಅವರೂ ಮೇಡಂ ಆಮಾ ಅನ್ನೋಕೆ ಶುರು ಮಾಡಿದ್ರು. ಮಕ್ಕಳನ್ನ ಸೇರ್ಸೋಕೆ ಬಂದೋರು ಗೇಟಲ್ಲಿ ನಿಂತು ಮಿಸೆಸ್ ಆಮಾ ಇದ್ದಾರಾ ಅಂತ ವಿಚಾರಿಸೋರು. ನಾನು ಬಿದ್ದು ಬಿದ್ದು ನಕ್ಕೆ. ಊರಿಗೆ ಫೋನ್ ಮಾಡಿ ಎಲ್ಲರಿಗೂ ಹೇಳ್ಕೊಂಡು ನಕ್ಕೆ.

ಕೆಳಗೆ ಟೀಚರ್ ಅಂತ ಕರೆಯೋಳು ಈಗ ಒಬ್ಬಳೇ ಉಳಿದಿದ್ಲು. ಕಾನೂನು ಅವಳಿಗೆ ಮಾಡಿದ್ದಲ್ವಾ. ಅದನ್ನ ತೆಗೀಬೇಕು ಅಂತ ನಮ್ಮಿಬ್ಬರಿಗೂ ಹೊಳೀಲೇ ಇಲ್ಲ, ಕೆಲಸ ಹಂಗಿತ್ತು.

ಒಂದಿನ ಸಂಜೆ ಮೇಲಿನ ರೂಮಲ್ಲಿ ಜೀರಿಗೆ ತಲೆ ಒದ್ದೆ ಮಾಡ್ಕೊಂಡು ನಿಂತು, ಟೀಚರ್, ನನ್ನ ಟವೆಲ್ ಎಲ್ಲಿ, ಅಂತ ಕೇಳಿದ್ಲು. ಅಕ್ಕ ಯಾವುದೋ ಮಗುವಿನ ಜಡೆ ಹಾಕ್ತಾ ಇದ್ಲು, ಗಮನಿಸ್ಲಿಲ್ಲ, ಹಗ್ಗದ ಮೇಲಿದೆ ನೋಡು ಅಂದ್ಲು. ನಾನು ಜೀರಿಗೆ ಕಿವಿ ಹಿಂಡಿ, ಏಯ್ ಪೆದ್ದಿ, ಮೇಲೆ ಬಂದಾಯ್ತಲ್ಲೇ ಅಂದೆ. ಅವಳು ದೊಡ್ಡೋರ ಥರ ಸಮಾಧಾನವಾಗಿ ಹೇಳಿದ್ಲು.

"ಮೇಲೂ ಎಲ್ಲರೂ ಇದ್ದಾರಲ್ಲ ಚಿಕ್ಕಮ್ಮ."

ಆಮೇಲೆ ಮೇಲೆ ಕೆಳಗೆ ಎಲ್ಲ ಕಡೆ ಟೀಚರ್ರೇ. ಅಕ್ಕನಿಗೆ ಯಾವಾಗ ಗೊತ್ತಾಯ್ತೋ ನಂಗೆ ಗೊತ್ತಿಲ್ಲ. ಗೊತ್ತಾದಾಗ, ಆಟ ಇರ್ಬೇಕು, ತಾನಾಗೇ ಬಿಡ್ತಾಳೆ ಅಂದ್ಕೊಂಡ್ಲೇನೋ. ನಾನೂ ಹಂಗೇ ಅಂದ್ಕೊಂಡೆ.

ಆ ವರ್ಷದ ಕೊನೇಲಿ ಆ ನರ್ಸ್ ಅತ್ತಿಗೆ ನಮ್ಮನ್ನ ನೋಡೋಕೆ ಬಂದ್ರು. ಗೇಟಿಗೆ ಟ್ಯಾಕ್ಸಿ ಬಂದಾಗ ಮಧ್ಯಾಹ್ನದ ಊಟದ ಹೊತ್ತು. ಇಡೀ ಹಾಲ್ ಆಮಾ ಇಲ್ನೋಡಿ, ಆಮಾ ಸಾಂಬಾರು ಖಾರ ಅಂತ ಕೂಗ್ತಾ ಇದೆ. ಅತ್ತಿಗೆ ಸೊಂಟದ ಮೇಲೆ ಕೈಯಿಟ್ಟು ನಿಂತು, ಇದೇನೇ ಇದು, ಒಂದನ್ನ ಕರ್ಕೊಂಡ್ ಬಂದು ನೂರು ಹೆತ್ತುಬಿಟ್ಟಿದ್ದೀಯಲ್ಲ, ಅಂತ ಕಣ್ಣಲ್ಲಿ ನೀರು ಬರೋ ಹಂಗೆ ನಕ್ರು. ಅಷ್ಟೊತ್ತಿಗೆ ಸಾಲಿನ ಕೊನೆಯಿಂದ ಜೀರಿಗೆ ತಟ್ಟೆ ಹಿಡ್ಕೊಂಡು ಬಂದು, ಟೀಚರ್, ನಂಗೆ ಪಲ್ಯ ಬರ್ಲಿಲ್ಲ, ಅಂದ್ಲು. ಅತ್ತಿಗೆ ನಗು ಅಲ್ಲೇ ನಿಂತೋಯ್ತು.

ಅವರು ಎರಡು ದಿನ ಬಾಯಿ ಬಿಡ್ಲಿಲ್ಲ, ಅವರ ಮಟ್ಟಿಗೆ ಅದು ಉಪವಾಸ ಮಾಡಿದ ಹಂಗೆ. ಮೂರನೇ ದಿನ ಆಫೀಸ್ ರೂಮಲ್ಲಿ ಅಕ್ಕನ್ನ ಹಿಡ್ಕೊಂಡ್ರು. ನಾನು ಅಲ್ಲೇ ಚಾರ್ಟ್ ಅಂಟಿಸ್ತಾ ಇದ್ದೆ, ಹೋಗು ಅಂತ ಯಾರೂ ಹೇಳ್ಲಿಲ್ಲ. ಈ ಮಗು ನಿನ್ನ ಸ್ಕೂಲಿನ ಮಗು ಆಗೋಗಿದೆ, ಮಿಕ್ಕೋರಿಗೆಲ್ಲ ಆರು ತಿಂಗಳಿಗೊಮ್ಮೆಯಾದ್ರೂ ತಾಯಿ ಬರ್ತಾಳೆ, ಇದಕ್ಕೆ ಅದೂ ಇಲ್ಲ, ನಾನು ಕರ್ಕೊಂಡ್ ಹೋಗ್ತೀನಿ, ಅಂದ್ರು. ಅಕ್ಕ, ದೇವರ ಕರೆ, ಭಾವನ ಆಸೆ, ಇನ್ನೊಂದು ವರ್ಷ ಅಂತ ಏನೇನೋ ಹೇಳ್ತಾ ಹೋದ್ಲು. ಅತ್ತಿಗೆ ತಡೆದ್ರು.

"ದೇವರು ಕರೆದ್ರೆ ಸಮುದ್ರ ದಾಟಿ ಓಡಿ ಬರ್ತೀಯ. ಮಗು ಕರೆದ್ರೆ, ಇದು ಸ್ಕೂಲು ಕಣೇ ಅಂತೀಯ. ಎರಡೂ ಮಾಡ್ತೀನಿ ಅಂದಿದ್ಯಲ್ಲ, ಮಾಡಿದ್ಯಾ?"

ಅಕ್ಕ ಸೀದಾ ಎದ್ದು ಕ್ಲಾಸಿಗೆ ಹೋಗಿ, ಜೀರಿಗೇನ ಉಂಗುರದೊಳಗಿಂದ ಎತ್ಕೊಂಡ್ಲು. ಎಲ್ಲ ಮಕ್ಕಳ ಮುಂದೆ. ಪುಟ್ಟಾ, ಇವತ್ತಿಂದ ಕಾನೂನು ಇಲ್ಲ, ಎಲ್ಲಿ ಬೇಕಾದ್ರೂ ನನ್ನನ್ನ ಅಮ್ಮ ಅಂತ ಕರಿ, ಅಂದ್ಲು. ಜೀರಿಗೆ ಸುತ್ತ ನೋಡಿದ್ಲು. ಎಲ್ಲರೂ ಇವಳನ್ನೇ ನೋಡ್ತಾ ಇದ್ದಾರೆ. ಹೇಳಿದ ಮಾತು ಕೇಳೋ ಹುಡುಗಿ ಅದು. ಬಾಯಿ ತೆಗೆದು ಹೇಳಿದ್ಲು.

"ಆಮಾ."

ಹೆಸರು ಹಿಡಿದು ಕರೆದ ಹಂಗೆ. ಪಕ್ಕದ ಉಂಗುರದಲ್ಲಿ ಕೂತ ಮಕ್ಕಳು ಹೇಳ್ತಾರಲ್ಲ, ಥೇಟ್ ಹಂಗೆ. ಅವಳು ಅಣಕಿಸ್ತಿಲ್ಲ. ದಿನಾ ಕಿವಿಗೆ ಬಿದ್ದಿದ್ದು ಅದೇ.

ಅಕ್ಕ ಅವಳನ್ನ ಮೇಲೆ ಕರ್ಕೊಂಡು ಹೋದ್ಲು. ನಾನೂ ಅತ್ತಿಗೆನೂ ಹಿಂದೇ ಹೋಗಿ ಪರದೆ ಹತ್ರ ನಿಂತ್ವಿ. ಅಕ್ಕ ಮಂಚದ ಮೇಲೆ ಅವಳನ್ನ ಎದುರಿಗೆ ಕೂರಿಸ್ಕೊಂಡು, ಹಂಗಲ್ಲ ಕಂದಾ, ತುಟಿ ಕೂಡ್ಸು, ಸ್ವಲ್ಪ ನಿಲ್ಸು, ಈಗ ಬಿಡು, ಅಂತಿದ್ಲು. ಸ್ವರ ಮೆತ್ತಗಿತ್ತು, ಆದ್ರೆ ಒಂದನೇ ಕ್ಲಾಸಿಗೆ ಅಕ್ಷರ ಕಲ್ಸುವಾಗ ಬೆರಳು ಹಿಂಗೇ ಆಡಿಸ್ತಾಳೆ ಅವಳು. ಅವಳಿಗೇ ಗೊತ್ತಿಲ್ಲ ಅದು. ಜೀರಿಗೆ ಆ ಬೆರಳನ್ನೇ ನೋಡ್ತಾ ತುಟಿ ಗಟ್ಟಿಯಾಗಿ ಕೂಡಿಸಿದ್ಲು.

"ಅಮ್ಮ," ಅಂದ್ಲು, ಚೊಕ್ಕವಾಗಿ. ಆಮೇಲೆ ಬೆನ್ನು ನೆಟ್ಟಗೆ ಮಾಡ್ಕೊಂಡು ಕೇಳಿದ್ಲು, "ಸರಿಯಾಯ್ತಾ ಟೀಚರ್?"

ಅಕ್ಕ ಬೆರಳು ಮಡಚಿಕೊಂಡ್ಲು. ಸರಿಯಾಯ್ತು ಅಂದ್ಲು. ಜೀರಿಗೆ ಇಳಿದು ಕ್ಲಾಸಿಗೆ ಓಡಿಹೋದ್ಮೇಲೂ ಆ ಖಾಲಿ ಜಾಗವನ್ನೇ ನೋಡ್ತಾ ಕೂತಿದ್ಲು. ಅತ್ತಿಗೆ ಹೋಗಿ ಅವಳ ತಲೇನ ತಮ್ಮ ಹೊಟ್ಟೆಗೆ ಒತ್ತಿಹಿಡ್ಕೊಂಡ್ರು.

ಸ್ಕೂಲ್ ಬಿಟ್ಟು ಎಲ್ಲರೂ ಹೋಗೋಣ ಅಂತ ನಾನು ಹೇಳ್ದೆ, ದೇವರಾಣೆಗೂ ಹೇಳ್ದೆ. ಅಕ್ಕ ಆ ಹನ್ನೊಂದು ಹಾಸಿಗೆ ಕಡೆ ಕೈ ತೋರ್ಸಿದ್ಲು, ಅಷ್ಟೇ. ಇವರನ್ನ ಎಲ್ಲಿ ಬಿಡೋದು. ಕೊನೆಗೆ ಜೀರಿಗೇನೇ ಕೇಳೋಣ ಅಂತಾಯ್ತು. ಅವಳು ಬೇಡ ಅಂತಾಳೆ, ಕಾಲು ಕಟ್ಕೊಂಡು ಅಳ್ತಾಳೆ, ಆಗ ಅತ್ತಿಗೆನೂ ಸುಮ್ನಾಗ್ತಾರೆ ಅಂತ ಅಕ್ಕನಿಗೆ ಒಳಗೊಳಗೇ ನಂಬಿಕೆ ಇತ್ತು. ಅವಳ ಮುಖದ ಮೇಲೇ ಬರೆದಿತ್ತು. ಅತ್ತೆ ಜೊತೆ ಊರಿಗೆ ಹೋಗ್ತೀಯಾ ಅಂತ ಕೇಳಿದ್ರೆ ಜೀರಿಗೆ ಸ್ವಲ್ಪ ಯೋಚನೆ ಮಾಡಿದ್ಲು.

"ಅತ್ತೆಗೆ ಅಲ್ಲಿ ಸ್ಕೂಲ್ ಇದ್ಯಾ?"

ಇಲ್ಲಮ್ಮಾ, ನಂಗೆ ಯಾವ ಸ್ಕೂಲೂ ಇಲ್ಲ, ಅಂದ್ರು ಅತ್ತಿಗೆ.

"ಹಂಗಿದ್ರೆ ಹೋಗ್ತೀನಿ."

ಹೋಗೋ ದಿನ ಗೇಟಲ್ಲಿ ಅಕ್ಕ ಅತ್ತಿಗೆ ಕೈ ಹಿಡ್ಕೊಂಡು ಹೇಳಿದ್ಲು, ಅವಳು ಒಂದೇ ಒಂದು ಸಲ ನಂಗೋಸ್ಕರ ಅತ್ರೂ ಫೋನ್ ಮಾಡಿ, ಎಲ್ಲ ಬಿಟ್ಟು ಬಂದು ಕರ್ಕೊಂಡ್ ಹೋಗ್ತೀನಿ. ಅತ್ತಿಗೆ ಆಯ್ತು ಅಂದ್ರು. ಅವರು ಸುಳ್ಳು ಹೇಳೋರಲ್ಲ.

ಈಗ ಪ್ರತಿ ಭಾನುವಾರ ಆರಾಧನೆ ಮುಗಿದ್ಮೇಲೆ ಫೋನ್. ಜೀರಿಗೆ ಅಕ್ಕನ್ನ ಏನಂತಾನೂ ಕರೆಯಲ್ಲ, ಸೀದಾ ಮಾತು ಶುರು ಮಾಡ್ತಾಳೆ. ಹಲ್ಲು ಬಿತ್ತಂತೆ. ಬೆಕ್ಕು ಮರಿ ಹಾಕ್ತಂತೆ. ಅತ್ತೆ ಮೈ ಮೇಲೆ ಕಾಲು ಹಾಕ್ಕೊಂಡು ಮಲಗ್ತಾಳಂತೆ, ಅತ್ತೆ ಗೊರಕೆ ಹೊಡೀತಾರಂತೆ, ಅದನ್ನ ಹೊಡೆದು ತೋರಿಸಿ ತಾನೇ ನಗ್ತಾಳೆ. ಅಕ್ಕನೂ ನಗ್ತಾಳೆ. ಆಮೇಲೆ ಕೇಳ್ತಾಳೆ, ಮಲಗುವಾಗ ಅಳು ಗಿಳು ಬರುತ್ತೇನಮ್ಮಾ? ಇಲ್ಲ. ಒಂಚೂರೂ? ಇಲ್ಲ.

ಸ್ಕೂಲು ಚೆನ್ನಾಗಿ ನಡೀತಿದೆ. ಮೇಲಿನ ಚಿಕ್ಕ ರೂಮಲ್ಲಿ ಜೀರಿಗೆ ಹಾಸಿಗೆ ಇದ್ದ ಕಡೆ ಇನ್ನೊಂದು ಹುಡುಗಿ ಮಲಗ್ತಾಳೆ. ಬೆಳಗಿನ ಪ್ರಾರ್ಥನೇಲಿ ಅಕ್ಕ, ದೂರದಲ್ಲಿರೋ ನಮ್ಮ ಮಗು ಸಂತೋಷವಾಗಿರ್ಲಿ, ಅಂತಾಳೆ. ಮಕ್ಕಳೆಲ್ಲ ಗಟ್ಟಿಯಾಗಿ ಆಮೆನ್ ಅಂತಾರೆ. ನಂಗೆ ಬಾಯಿ ಬರಲ್ಲ. ನಂಗೆ ಅವಳು ಅಳಬೇಕು, ಒಂದೇ ಒಂದು ಸಲ, ಬೋರಾಡಿ ಅಳಬೇಕು. ಇದನ್ನ ಯಾವ ದೇವರ ಹತ್ರ ಕೇಳೋದು ಹೇಳಿ.

ಕಳೆದ ಭಾನುವಾರ ಅಕ್ಕ ಫೋನ್ ಇಟ್ಟು ಕಿಟಕಿ ಹತ್ರ ನಿಂತಿದ್ಲು. ನಾನು ಹೋಗಿ ಪಕ್ಕದಲ್ಲಿ ನಿಂತೆ, ಅತ್ತಳಾ ಅಂತ ಕೇಳ್ದೆ.

"ಇಲ್ಲ ಕಣೇ," ಅಂದ್ಲು ಅಕ್ಕ. "ತುಂಬ ಚೆನ್ನಾಗಿದ್ದಾಳೆ."