ಬಂಡೆಯಾಚೆಯ ನೀರು

"ಕಿವೀಲಿ ಸೀಸ ಹುಯ್ಕೊಂಡಿದ್ದೀಯೇನೋ ಮುಂಡೇದೆ? ಕೊಳವೆ ಹತ್ರ ಅಲ್ಲ, ಬಂಡೆ ಆಚೆ! ಹನ್ನೊಂದು ವರ್ಷದಿಂದ ಎಲ್ಲಿ ತುಂಬಿಸ್ತಿದ್ದೀಯ?"

ನೀರು ಪರೀಕ್ಷೆಯ ಸಾಹೇಬರು ಕಟ್ಟೆಯ ನೆರಳಲ್ಲಿ ಕುರ್ಚಿ ಹಾಕಿಸಿಕೊಂಡು ಕೂತಿದ್ದರು. ದೋಣಿ ಹತ್ತಿದರೆ ಅವರಿಗೆ ಹೊಟ್ಟೆ ತೊಳಸುತ್ತದೆ. ಹಾಗಾಗಿ ತಿಂಗಳು ತಿಂಗಳೂ ಬಾಟಲಿ ತುಂಬುವವನು ಅಂಬಿಗ. ಚೀಟಿಯ ಮೇಲೆ 'ಕಾರ್ಖಾನೆ ಕೊಳವೆಯ ಬಾಯಿ' ಎಂದು ಮೊದಲೇ ಬರೆದಿರುತ್ತದೆ. ನೀರು ಮಾತ್ರ ಬಂಡೆಯಾಚೆಯ ತಿಳಿಗಡಲಿನದು. ಸಹಿ ಹಾಕಿದ ಸೀಲು ಪಟ್ಟಿಯನ್ನೂ ಅವನ ಕೈಗೇ ಕೊಟ್ಟು ಕಳಿಸುತ್ತಿದ್ದರು.

"ಆಯ್ತು ಸ್ವಾಮಿ" ಎಂದು ಅಂಬಿಗ ಹುಟ್ಟು ಹಾಕಿದ.

ಬೆಳಿಗ್ಗೆ ಹೆಂಡತಿಯ ಕೈಗೆ ಬಟ್ಟೆ ಸುತ್ತಿ ಬಂದಿದ್ದ. ಬಂದರಿನ ಗೋಡೆಯಿಂದ ಮೂವತ್ತು ವರ್ಷ ಮಾರಲು ಚಿಪ್ಪುಮೀನು ಕೆರೆದ ಕೈ. ಕಾರ್ಖಾನೆಯ ಕೊಳವೆ ಬಂದ ಮೇಲೆ ಬೆರಳ ಸಂದಿ ಒಡೆದು, ಉಗುರು ಒಂದೊಂದಾಗಿ ಕಳಚಿತ್ತು.

"ನೀರು ಚೆನ್ನಾಗಿದೆ ಅಂತ ನಿನ್ ಬಾಟ್ಲಿ ಹೇಳುತ್ತಲ್ಲ, ನನ್ ಕೈಯೇ ಸುಳ್ಳು ಹೇಳ್ತಿರ್ಬೇಕು ಬಿಡು" ಎಂದು ನಕ್ಕಿದ್ದಳು.

ಲಂಗರು ಹಾಕಿದ್ದ ದೊಡ್ಡ ದೋಣಿಗಳ ಮರೆ ಸಿಕ್ಕಿದ್ದೇ ತಡ, ಅವನು ಕೊಳವೆಯತ್ತ ತಿರುಗಿದ. ಕಲಿಸಿದಂತೆಯೇ ಬಾಟಲಿಯನ್ನು ಬೋರಲು ಹಿಡಿದು ಮೊಣಕೈವರೆಗೆ ಮುಳುಗಿಸಿದ, ಒಳಗೇ ತಿರುಗಿಸಿದ, ಒಳಗೇ ಮುಚ್ಚಿದ. ಕೈ ಚುರ್ರೆಂದಿತು. ಸೀಲು ಪಟ್ಟಿ ಸುತ್ತಿ ಹೆಬ್ಬೆರಳಿನಿಂದ ಒತ್ತಿದ.

ಅವನು ಕಟ್ಟೆಗೆ ಮರಳಿದಾಗ ಸಾಹೇಬರು ಬಾಟಲಿಯನ್ನು ಬೆಳಕಿಗೆ ಹಿಡಿದರು. ಒಳಗೆ ತುಕ್ಕಿನ ಬಣ್ಣ.

"ಎಲ್ಲೀದೋ ಇದು?"

"ಚೀಟೀಲಿ ಬರ್ದಿರೋ ಕಡೇದೇ ಸ್ವಾಮಿ."

"ಸೂಳೆಮಗನೆ! ಚೆಲ್ಲೋ ಅದನ್ನ!"

ಅಂಬಿಗ ಮೆಲ್ಲಗೆ ಬಾಟಲಿ ಈಸಿಕೊಂಡ. "ಸೀಲು ಹರಿದ್ರೆ ಯಾಕೆ ಹರಿದ್ರಿ ಅಂತ ಮೇಲಿನೋರು ಬರೆಸ್ಕೊಳ್ತಾರೆ ಅಂತ ನೀವೇ ಹೇಳಿದ್ರಲ್ಲ. ನಂಬರ್ ಇದೆ, ನಿಮ್ ಸಹೀನೂ ಇದೆ. ಹರಿಯೋದಾದ್ರೆ ನೀವೇ ಹರೀರಿ."

"ನಾಳೆಯಿಂದ ನಿನ್ ದೋಣಿ ಕಟ್ಟೋಕೆ ಈ ಬಂದರಲ್ಲಿ ಗೂಟ ಇರಲ್ಲ, ತಿಳ್ಕೋ."

"ಮೀನೇ ಇಲ್ಲದ ಕಡೆ ಗೂಟ ಇಟ್ಕೊಂಡು ಏನ್ ಮಾಡ್ಲಿ?"

ಬಾಟಲಿಯನ್ನು ಕುರ್ಚಿಯ ಪಕ್ಕದಲ್ಲಿದ್ದ ಐಸು ಪೆಟ್ಟಿಗೆಯೊಳಗಿಟ್ಟು, ಮುಚ್ಚಿ, ಅದರ ಮೇಲೆಯೇ ಕೂತ. ಸಾಹೇಬರು ರಟ್ಟೆ ಹಿಡಿದೆಳೆದರು; ಅಲುಗಲಿಲ್ಲ. ಚಿಪ್ಪು ಕೆರೆಯುತ್ತಿದ್ದ ಗೋಡೆಯ ಬುಡದಿಂದ ಹೆಂಡತಿ ಮೇಲೆ ಹತ್ತಿ ಬಂದಳು. "ಸ್ವಲ್ಪ ಸರಿ" ಎಂದು ಪಕ್ಕದಲ್ಲಿ ಕೂತು, ಕೈಯ ಬಟ್ಟೆ ಬಿಚ್ಚಿ ಅಂಗೈಗಳನ್ನು ಸಾಹೇಬರ ಮುಖದ ನೇರಕ್ಕೆ ಹಿಡಿದಳು.

ಸಾಹೇಬರ ಜೇಬಿನಲ್ಲಿ ಫೋನು ಬಡಿದುಕೊಳ್ಳತೊಡಗಿತು. ಗೇಟಿನ ಬಳಿ, ಬಾಟಲಿ ಒಯ್ಯಲು ಬಂದ ಪ್ರಯೋಗಾಲಯದ ವ್ಯಾನು ಎರಡು ಸಲ ಹಾರನ್ನು ಹೊಡೆಯಿತು.

ಅಂಬಿಗ ತನ್ನ ಬಲಗೈ ನೋಡಿಕೊಂಡ. ನೀರು ಎಲ್ಲಿಯವರೆಗೆ ತಾಗಿತ್ತೋ ಅಲ್ಲಿಯವರೆಗೆ ಚರ್ಮ ಕೆಂಪಾಗಿ ಊದಿಕೊಳ್ಳುತ್ತಿತ್ತು.