ಔಡಲದ ನೆರಳು

ನಾನು ನಲವತ್ತೆಂಟು ಪುಟದ ಒಂದು ಕೈಬರಹದ ನೋಟ್‌ಬುಕ್ಕು. ಬ್ರಿಟಿಷರ ಕಾಲದಲ್ಲಿ, ಬಯಲುಸೀಮೆಯ ಒಂದು ಮಿಷನ್ ಕೇರಿಯಲ್ಲಿ ಹುಟ್ಟಿದೆ. ಅಚ್ಚುಕೂಟದಲ್ಲಿ ಉಳಿದ ಹಾಳೆಗಳನ್ನು ರೂತವ್ವ ದಪ್ಪ ದಾರದಿಂದ ಹೊಲಿದು, ಹಿಟ್ಟಿನ ಅಂಟು ಹಚ್ಚಿ, ಹಳೆಯ ಸೀರೆಯ ಅಂಚನ್ನು ನನ್ನ ಬೆನ್ನಿಗೆ ಅಂಟಿಸಿದಳು. ಅವಳ ಗಂಡ ಯೋಬಪ್ಪ ಮೊದಲ ಪುಟದಲ್ಲಿ 'ಪ್ರವಾದಿ ಯೋನನ ಪುಸ್ತಕ' ಎಂದು ಬರೆದ. ನನ್ನ ಮೈಯೆಲ್ಲ ಜುಂ ಎಂದಿತು. ಸತ್ಯವೇದ, ಅಂದರೆ ಬೈಬಲ್ಲು, ಹೊರುವ ಯೋಗ ಎಲ್ಲ ಕಾಗದಕ್ಕೂ ಬರುತ್ತದೆಯೇ ಎಂದು ಬೀಗಿದೆ. ಎಂಥ ಹುಚ್ಚು!

ಯೋಬಪ್ಪ ಗಾಣಿಗರ ಮನೆಯಲ್ಲಿ ಹುಟ್ಟಿದವನು. ಕ್ರೈಸ್ತನಾದ ಮೇಲೆ ಗಾಣ ಬಿಟ್ಟ. ನಲವತ್ತನೆಯ ವಯಸ್ಸಿನಲ್ಲಿ ಪಾದ್ರಿ ಸಾಹೇಬರ ಹತ್ತಿರ ಕೂತು ಆ ಪುಸ್ತಕದ ಮೂಲಭಾಷೆ ಹೀಬ್ರೂ ಕಲಿತ. ಬಲದಿಂದ ಎಡಕ್ಕೆ ಬೆರಳಿಟ್ಟು ಓದುತ್ತ, ಒಂದು ಮಾತಿಗೆ ನಾಲ್ಕು ಕನ್ನಡದ ಮಾತು ಬರೆದು ಮೂರನ್ನು ಹೊಡೆದುಹಾಕುತ್ತಿದ್ದ. ಅವನಿಗಿದ್ದದ್ದು ಒಂದೇ ಆಸೆ. ಜನ ತನ್ನನ್ನು ಗಾಣಿಗ ಎನ್ನಬಾರದು, ಅನುವಾದಕ ಎನ್ನಬೇಕು.

ನಾಲ್ಕನೆಯ ಅಧ್ಯಾಯದಲ್ಲಿ ತೊಡಕು ಬಂತು. ಯೋನ ಊರ ಹೊರಗೆ ಬಿಸಿಲಲ್ಲಿ ಕೂತಿರುತ್ತಾನೆ. ದೇವರು ಒಂದು ಗಿಡ ಬೆಳೆಸಿ ನೆರಳು ಕೊಡುತ್ತಾನೆ. ಮರುದಿನ ಹುಳು ಕಡಿದು ಅದು ಒಣಗುತ್ತದೆ. ಆ ಗಿಡದ ಹೀಬ್ರೂ ಹೆಸರು ಇಡೀ ಶಾಸ್ತ್ರದಲ್ಲಿ ಈ ಒಂದು ಅಧ್ಯಾಯ ಬಿಟ್ಟರೆ ಇನ್ನೆಲ್ಲೂ ಇಲ್ಲ, ಹೋಲಿಸಿ ನೋಡೋಣವೆಂದರೆ ದಾರಿಯಿಲ್ಲ. ಹಿಂದೆ ಗ್ರೀಕಿಗೆ ತಂದವರು ಸೋರೆ ಎಂದರಂತೆ, ಲ್ಯಾಟಿನ್ನಿಗೆ ತಂದವರು ಇನ್ನಾವುದೋ ಬಳ್ಳಿ ಎಂದರಂತೆ. ಯೋಬಪ್ಪ ಮೂರು ವಾರ ಒದ್ದಾಡಿದ. ಕೊನೆಗೆ ಯೆಹೂದಿ ಗುರುಗಳ ಹಳೆಯ ಟಿಪ್ಪಣಿಯಲ್ಲಿ, ಅದರ ಬೀಜದಿಂದ ಎಣ್ಣೆ ತೆಗೆಯುತ್ತಾರೆ ಎಂಬ ಮಾತು ಸಿಕ್ಕಿತು.

"ಏ ರೂತಿ, ಇದು ನಮ್ಮ ಔಡಲಾ! ಅಗಲ ಎಲಿ, ಮೆತ್ತನ್ನ ಕಾಂಡ, ನೋಡನೋಡತಾ ಬೆಳಿತೈತಿ. ಇದನ್ನ ನಾ ಅಲ್ದ ಇನ್ಯಾರು ಹೇಳ್ಬೇಕು!" ಎಂದು ಕೂಗಿದ. ಹರಳೆಣ್ಣೆಯ ಗಿಡಕ್ಕೆ ಅವರ ಕಡೆ ಔಡಲ ಎನ್ನುತ್ತಾರೆ. ಅವನು ಅಷ್ಟು ನಕ್ಕದ್ದನ್ನು ಮತ್ತೆಂದೂ ನಾನು ನೋಡಲಿಲ್ಲ.

ಅನುವಾದವನ್ನು ಒಪ್ಪಬೇಕಾದ ಮಿಷನ್ನಿನ ಸಮಿತಿ ಸೇರಿತು. ಓಟಿನ ಹಕ್ಕು ನಾಲ್ವರಿಗೆ ಮಾತ್ರ. ಯೋಬಪ್ಪ ಸಂಬಳಕ್ಕಿದ್ದ ಮುನ್ಶಿ, ಬರೆಯಬೇಕು, ಕೇಳಿದರೆ ಹೇಳಬೇಕು, ಅಷ್ಟೇ. ನಾನು ಮೇಜಿನ ಮೇಲೆ ಬಿದ್ದುಕೊಂಡು ಎಲ್ಲರ ಗದ್ದ ನೋಡುತ್ತಿದ್ದೆ.

"ಔಡಲ ಬೇಡ ಯೋಬಪ್ಪ," ಎಂದರು ಸಾಹೇಬರು. "ಜನರಿಗೆ ಭೇದಿಯ ನೆನಪಾಗುತ್ತದೆ. ಆರಾಧನೆಯಲ್ಲಿ ನಗುತ್ತಾರೆ."

"ಇದ್ದದ್ದು ಇದ್ದಂಗ ಬರದರ ಯಾಕ ನಗತಾರ್ರೀ ಸಾಹೇಬ್ರ?"

ಪಕ್ಕದಲ್ಲಿ ಪಂಡಿತ ಕೃಪಾನಿಧಿರಾಯರು ಕೂತಿದ್ದರು. ಮೇಲುಜಾತಿಯಿಂದ ಬಂದ ಕ್ರೈಸ್ತರು. "ಗಾಣಿಗನ ಕಣ್ಣಿಗೆ ಯೋನನ ಗಿಡದಾಗೂ ಎಣ್ಣೀನ ಕಾಣಸ್ತದ ನೋಡ್ರಿ!" ಎಂದರು. ಎಲ್ಲರೂ ನಕ್ಕರು, ಸಾಹೇಬರೂ ನಕ್ಕರು. ಜಾತಿ ಬಿಟ್ಟು ಬಂದವರ ಮೇಜಂತೆ ಅದು, ಥೂ! ಯೋಬಪ್ಪ ತಲೆ ತಗ್ಗಿಸಿ ನನ್ನ ಅಂಚನ್ನು ಹಿಡಿದ.

ನಾಲ್ಕು ಕೈ ಎದ್ದವು, ಸೋರೆ ಗೆದ್ದಿತು. ಅಚ್ಚಿಗೆ ಹೋಗುವ ಶುದ್ಧಪ್ರತಿಯನ್ನು ಬರೆಯುವ ಕೆಲಸ ಮಾತ್ರ ಯೋಬಪ್ಪನದೇ, ಯಾಕೆಂದರೆ ಅವನ ಅಕ್ಷರ ಮುತ್ತಿನಂತಿತ್ತು. ಸೋರೆ ಎಂದು ಐದು ಸಲ ತನ್ನ ಕೈಯಾರೆ ಬರೆದುಕೊಟ್ಟ. ನನ್ನಲ್ಲಿದ್ದ ಔಡಲವನ್ನು ಮಾತ್ರ ಹೊಡೆದುಹಾಕಲಿಲ್ಲ.

ಪುಸ್ತಕ ಅಚ್ಚಾಗಿ ಬಂದ ಭಾನುವಾರ ಆರಾಧನೆಯಲ್ಲಿ ಪಾಠ ಓದುವ ಸರದಿ ಅವನದಾಗಿತ್ತು. ಹೊಸ ಪುಸ್ತಕದ ಮೇಲೆ ನನ್ನನ್ನು ಬಿಡಿಸಿಟ್ಟು, ನನ್ನನ್ನೇ ಓದಿದ. ಐದು ಸಲವೂ ಔಡಲ ಎಂದ. ಒಬ್ಬರೂ ನಗಲಿಲ್ಲ. ಹಿಂದೆ ಕೂತಿದ್ದ ಮುದುಕಿಯೊಬ್ಬಳು, "ಅಯ್ಯ ಪಾಪ, ಔಡಲದ ನೆಳ್ಳು ಎಷ್ಟೊತ್ತರ ಇದ್ದೀತು!" ಎಂದು ಲೊಚಗುಟ್ಟಿದಳು. ಅವಳಿಗೆ ಯಾವ ಪಂಡಿತರೂ ಅರ್ಥ ಹೇಳಬೇಕಾಗಲಿಲ್ಲ.

ಸೋಮವಾರ ಯೋಬಪ್ಪನ ಕೆಲಸ ಹೋಯಿತು. ಸಮಿತಿಯ ತೀರ್ಮಾನ ಮೀರಿದನಂತೆ. ಮತ್ತೆ ಗಾಣಕ್ಕೆ ಹೋದ, ಅದೂ ಬೇರೆಯವರ ಗಾಣಕ್ಕೆ. ಹನ್ನೊಂದು ವರ್ಷ ಅಲ್ಲೇ ಸವೆದು ಸತ್ತ.

ರೂತವ್ವ ಮುದುಕಿಯಾದ ಮೇಲೆ ಊರಿಗೆ ಹೊಸ ಪಾದ್ರಿ ಬಂದರು, ನಮ್ಮ ಸೀಮೆಯವರೇ. ಒಂದು ದಿನ ಮನೆಗೆ ಪ್ರಾರ್ಥನೆಗೆ ಬಂದವರು ಹಿಗ್ಗಿನಿಂದ ಹೇಳಿದರು: "ಹೊಸಾ ಮುದ್ರಣದಾಗ ಅಡಿಟಿಪ್ಪಣಿ ಹಾಕಾಕತ್ತೇವಿ ನೋಡಬೇ. ಯೋನನ ಗಿಡ ಔಡಲ ಅಂತ ಹೊರದೇಶದ ಪಂಡಿತರೊಬ್ರು ಬರದಾರ."

ರೂತವ್ವ ಟ್ರಂಕಿನಿಂದ ನನ್ನನ್ನು ತೆಗೆದು ಅವರ ಕೈಗಿಟ್ಟಳು. ಪುಟ ಮಗುಚಿದರು. ಮುಖ ಸಣ್ಣದಾಯಿತು.

"ಖರೇನ ಐತಿ. ಆದ್ರ ಸಮಿತಿ ಆಧಾರ ಕೇಳತೈತಿ. ಮುನ್ಶಿ ಬರದದ್ದು ಆಧಾರ ಆಗೂದಿಲ್ಲ."

"ಹಂಗಾರ ನಮ್ಮನಿಯವರು ಬರದದ್ದು ಏನಾತಪಾ?"

ಪಾದ್ರಿಯವರು ಜೋಪಾನವಾಗಿ ಇಡಿಸುತ್ತೇನೆಂದು ನನ್ನನ್ನು ಒಯ್ದು, ಮಿಷನ್ನಿನ ಹಳೆಯ ಕಾಗದಗಳ ಕಪಾಟಿಗೆ ಸೇರಿಸಿದರು. ಈಗಲೂ ಅಲ್ಲೇ ಇದ್ದೇನೆ. ಗೆದ್ದಲು ಮೊದಲ ಅಧ್ಯಾಯ ಮುಗಿಸಿದೆ. ಆಮೇಲೆ ಕಪಾಟು ಜೋಡಿಸಿದವರು ಯಾರೋ ನನ್ನ ಮೇಲೆ ಒಂದು ಚೀಟಿ ಅಂಟಿಸಿದ್ದಾರೆ: 'ಯೋನ. ಕರಡು. ಬರೆದವರು ಗೊತ್ತಿಲ್ಲ.'

ನಾಲ್ಕನೆಯ ಅಧ್ಯಾಯಕ್ಕೆ ಗೆದ್ದಲು ಇನ್ನೂ ಬಂದಿಲ್ಲ. ಗಿಡ ಒಣಗಿ ಯೋನ ಉರಿದುಬಿದ್ದಾಗ ದೇವರೇ ಅವನನ್ನು ಮಾತಾಡಿಸುತ್ತಾನೆ, ಈ ಗಿಡಕ್ಕಾಗಿ ನಿನಗೆ ಇಷ್ಟು ಸಿಟ್ಟು ಸರಿಯೋ ಎಂದು ಕೇಳುತ್ತಾನೆ. ಸಾಯುವಷ್ಟು ಸಿಟ್ಟಾದರೂ ಸರಿಯೇ ಎಂದು ಯೋನ ಎದುರಾಡುತ್ತಾನೆ. ಅದನ್ನೂ ದೇವರು ಕೇಳಿಸಿಕೊಳ್ಳುತ್ತಾನೆ. ಯೋಬಪ್ಪ ಆ ಹನ್ನೊಂದು ವರ್ಷ ಗಾಣದ ಹಿಂದೆ ಸುತ್ತಿದನಲ್ಲ, ನಿನಗೆ ಸಿಟ್ಟಿದೆಯೇ ಎಂದು ಕೇಳಲು ಒಬ್ಬನೂ ಬರಲಿಲ್ಲ.